ಸಂಪಾದಕರ ಉತ್ತರ: ನಗಿಸೋ ಹಾಡು ಅಂದ್ರೆ ಅಗ್ಗದ ಹಾಡಾ?

ಹಾಸನದ ಓದುಗರೊಬ್ಬರ ಪತ್ರ (ಸ್ವಲ್ಪ ಮೊಟಕು ಮಾಡಿದೀವಿ): "ಎಂಬತ್ತರ ದಶಕದ ಪಾಪ್ ಸಂಗೀತದ ವಿಶೇಷ ಸಂಚಿಕೆ ಅಂತ ಆಸೆಯಿಂದ ಬಿಡಿಸಿದೆ. ಮೈಕಲ್ ಜಾಕ್ಸನ್‌ಗೆ ಎರಡು ಪುಟ, ಅವನ ಹಾಡನ್ನ ಗೇಲಿ ಮಾಡಿ ಹೊಟ್ಟೆ ಹೊರೆದ 'ವಿಯರ್ಡ್ ಆಲ್' ಯಾಂಕೋವಿಕ್‌ಗೆ ನಾಲ್ಕು ಪುಟ! ಬೇರೆಯವರು ಬೆವರು ಸುರಿಸಿ ಕಟ್ಟಿದ ಟ್ಯೂನ್ ಎತ್ತಿಕೊಂಡು ಅದಕ್ಕೆ ಊಟ ತಿಂಡಿ ಪದ ತುರುಕೋದು ಯಾವ ಕಲೆ? ಒಂದು ಸಲ ನಗು ಬರುತ್ತೆ, ಎರಡನೇ ಸಲ ಬೇಜಾರು. ಹೀಗೇ ಆದ್ರೆ ಚಂದಾ ಮುಂದುವರಿಸೋ ವಿಷಯ ಯೋಚನೆ ಮಾಡಬೇಕಾಗುತ್ತೆ."

ನಮಸ್ಕಾರ ಸರ್,

ಸಿಟ್ಟಲ್ಲೂ ಇಷ್ಟು ಮುದ್ದಾದ ಅಕ್ಷರದಲ್ಲಿ ಬರೆಯೋರು ಈಗ ಕಮ್ಮಿ, ಅದೂ ಬಹಳ ವರ್ಷದ ಚಂದಾದಾರರು ನೀವು, ಹಂಗಾಗಿ ಎರಡು ಸಾಲಲ್ಲಿ ಮುಗಿಸೋಕೆ ಮನಸ್ಸು ಬರಲಿಲ್ಲ. ನಿಮ್ಮ ಮಾತಲ್ಲಿ ಸರಿ ಇರೋದನ್ನ ಮೊದಲೇ ಒಪ್ಪಿಕೊಂಡುಬಿಡ್ತೀನಿ. ಅಣಕು ಹಾಡುಗಳಲ್ಲಿ ಜೊಳ್ಳು ಜಾಸ್ತಿ, ನಿಜ. ಪ್ರಾಸ ಸಿಕ್ತು ಅನ್ನೋ ಒಂದೇ ಕಾರಣಕ್ಕೆ ಬರೆದದ್ದು ಬೇಕಾದಷ್ಟಿದೆ. 1988ರ 'ಫ್ಯಾಟ್' ಥರ ದಪ್ಪಗಿರೋರನ್ನ ನೋಡಿ ನಗೋ ಹಾಡು ಇವತ್ತು ಕೆಲವರಿಗೆ ನೋವು ಮಾಡುತ್ತೆ, ಅದೂ ನಿಜ. ಇಷ್ಟು ಬಿಟ್ರೆ ಉಳಿದದ್ದರಲ್ಲಿ ನನ್ನ ಅಭಿಪ್ರಾಯ ನಿಮ್ಮದಕ್ಕೆ ಪೂರ್ತಿ ಉಲ್ಟಾ.

"ಟ್ಯೂನ್ ಎತ್ತಿಕೊಂಡು" ಅಂತ ಎಷ್ಟು ಸಲೀಸಾಗಿ ಬರೆದುಬಿಟ್ರಿ ಸರ್! ಮೂಲ ಹಾಡಿನ ಟ್ರ್ಯಾಕ್ ಹಾಕಿಕೊಂಡು ಅದರ ಮೇಲೆ ಹಾಡಿದ್ದಲ್ಲ ಅದು. ಯಾಂಕೋವಿಕ್ ತಂಡ ಪ್ರತಿ ಹಾಡನ್ನೂ ಮೊದಲಿಂದ ಕೊನೇವರೆಗೂ ತಾವೇ ನುಡಿಸಿ ರೆಕಾರ್ಡ್ ಮಾಡ್ತಿದ್ರು. ಡ್ರಮ್ಸ್‌ಗೆ ಜಾನ್ ಶ್ವಾರ್ಟ್ಸ್, ಗಿಟಾರ್‌ಗೆ ಜಿಮ್ ವೆಸ್ಟ್, ಬೇಸ್‌ಗೆ ಸ್ಟೀವ್ ಜೇ, ಎಂಬತ್ತರ ಶುರುವಿಂದ ಅದೇ ಜನ. ಬೇರೆ ಬ್ಯಾಂಡ್‌ಗಳಿಗೆ ಒಂದು ಸ್ಟೈಲ್ ಇದ್ರೆ ಸಾಕಿತ್ತು, ಜೀವಮಾನ ಪೂರ್ತಿ ಅದರಲ್ಲೇ ಕಳೆಯಬಹುದಿತ್ತು, ಇವರಿಗೆ ಇವತ್ತು ಮೈಕಲ್ ಜಾಕ್ಸನ್, ನಾಳೆ ಮಡೋನಾ, ನಾಡಿದ್ದು ಜಾರ್ಜ್ ಹ್ಯಾರಿಸನ್, ಒಬ್ಬೊಬ್ಬರ ಸ್ನೇರ್ ಡ್ರಮ್ ಹೆಂಗೆ ಕೂಗುತ್ತೆ, ಸಿಂಥಸೈಜರ್ ಎಲ್ಲಿ ಮೆಲ್ಲಗಾಗುತ್ತೆ, ಹಿನ್ನೆಲೆ ದನಿಗಳು ಯಾವ ಅಕ್ಷರದ ಮೇಲೆ ಉಸಿರು ಬಿಡ್ತಾರೆ, ಅಷ್ಟನ್ನೂ ಕೇಳಿ ಕೇಳಿ ಹಿಡೀಬೇಕಿತ್ತು. ಒಂದು ಹಾಡನ್ನ ಅಷ್ಟು ಹತ್ತಿರದಿಂದ ಕೇಳೋನು ಒಂದೋ ಅದನ್ನ ಕಟ್ಟಿದವನು, ಇಲ್ಲಾ ಅದನ್ನ ಅಣಕಿಸೋನು. ನಾನು ಸುಮಾರು ವರ್ಷದಿಂದ ನಂಬಿಕೊಂಡು ಬಂದಿರೋದೇ ಇದು.

1984ರ 'ಈಟ್ ಇಟ್' ಹಾಕಿ ಕೇಳಿ. ಜಾಕ್ಸನ್‌ನ ಮೂಲ 'ಬೀಟ್ ಇಟ್' ಅಂದ್ರೆ ಬೀದಿ ಗ್ಯಾಂಗುಗಳ ಜಗಳ, ಪ್ರಾಣ ಉಳಿಸ್ಕೋ, ಇಲ್ಲಿಂದ ಜಾಗ ಖಾಲಿ ಮಾಡು ಅನ್ನೋ ಎಚ್ಚರಿಕೆ. ಯಾಂಕೋವಿಕ್ ಅದೇ ಆವೇಶ, ಅದೇ ಏದುಸಿರು, ಅದೇ ಕಿರುಚಾಟ ಇಟ್ಕೊಂಡು, ತಟ್ಟೆ ಮುಂದೆ ಮುಖ ಸಿಂಡರಿಸಿಕೊಂಡು ಕೂತ ಮಗೂಗೆ "ತಿನ್ನೋ, ಸುಮ್ನೆ ತಿನ್ನೋ" ಅಂತ ಗದರೋ ಹಾಗೆ ಮಾಡಿದ. ಮೂಲದಲ್ಲಿ ಎಡ್ಡೀ ವ್ಯಾನ್ ಹೇಲನ್‌ನ ಗಿಟಾರ್ ಸೋಲೋ ಇದೆಯಲ್ಲ, ಜನ ಅದಕ್ಕೋಸ್ಕರವೇ ಕ್ಯಾಸೆಟ್ ರಿವೈಂಡ್ ಮಾಡ್ತಿದ್ದದ್ದು, ಆ ಜಾಗಕ್ಕೆ ಇಲ್ಲಿ ರಿಕ್ ಡೆರಿಂಜರ್ ನುಡಿಸಿದಾನೆ. ಅವನೇ ಆಲ್ಬಮ್‌ನ ನಿರ್ಮಾಪಕ ಕೂಡ, ಒಳ್ಳೇ ರಾಕ್ ಗಿಟಾರಿಸ್ಟ್. ಅವನು ಆ ಸೋಲೋವನ್ನ ತಮಾಷೆಗೆ ಅಂತ ಕೆಟ್ಟದಾಗಿ ನುಡಿಸಲಿಲ್ಲ, ಪ್ರಾಣ ಇಟ್ಟು ನುಡಿಸಿದ, ಮೇಲಕ್ಕೆ ಮೇಲಕ್ಕೆ ಏರಿಸಿಕೊಂಡು ಹೋಗಿ ಇನ್ನೇನು ಇದಕ್ಕಿಂತ ಮೇಲೆ ಜಾಗ ಇಲ್ಲ ಅನ್ನೋವಾಗ ಢಮಾರ್ ಅಂತ ಸ್ಫೋಟ. ಆ ಢಮಾರ್‌ಗೆ ನಗು ಬರೋದೇ ಅದರ ಹಿಂದಿನ ಅಷ್ಟೂ ಸ್ವರ ಪಕ್ಕಾ ಇರೋದ್ರಿಂದ. ಸ್ಟುಡಿಯೋದಲ್ಲಿ ಒಬ್ಬರೂ ಕಿಸಕ್ ಅನ್ನೋದಿಲ್ಲ, ನಗೋ ಕೆಲಸ ಪೂರ್ತಿ ನಮ್ಮ ಪಾಲಿಗೆ ಬಿಟ್ಟಿದಾರೆ. ಅಮೆರಿಕದ ಹಾಟ್ 100 ಪಟ್ಟಿಯಲ್ಲಿ ಅದು 12ನೇ ಸ್ಥಾನಕ್ಕೆ ಹೋಯ್ತು, ಆಸ್ಟ್ರೇಲಿಯಾದಲ್ಲಿ ಒಂದನೇ ಸ್ಥಾನ, ಗ್ರ್ಯಾಮಿನೂ ಬಂತು.

ಆ ದಶಕದಲ್ಲೇ ಇದು ಯಾಕೆ ಹಿಂಗೆ ಹೊತ್ತಿಕೊಳ್ತು ಅನ್ನೋದಕ್ಕೂ ಕಾರಣ ಇದೆ. 1981ರ ಆಗಸ್ಟ್ 1ಕ್ಕೆ ಅಮೆರಿಕದಲ್ಲಿ ಎಂಟಿವಿ, ಅಂದ್ರೆ ಹಾಡಿನ ವೀಡಿಯೋ ತೋರಿಸೋ ಟಿವಿ ಚಾನೆಲ್, ಶುರುವಾಯ್ತು. ಅಲ್ಲೀವರೆಗೂ ಕೇಳೋ ಹಾಡುಗಳು, ಆಮೇಲೆ ನೋಡೋ ಹಾಡುಗಳು. ಜಾಕ್ಸನ್‌ನ ಕೆಂಪು ಜಾಕೆಟ್‌ನ ಜಿಪ್ ಎಲ್ಲಿದೆ ಅಂತ ಕೂಡ ಹುಡುಗರಿಗೆ ಗೊತ್ತಿತ್ತು, ಒಂದೇ ವೀಡಿಯೋ ದಿನಕ್ಕೆ ಅಷ್ಟು ಸಲ ಬರ್ತಿತ್ತು. ಅಣಕಿಸೋನಿಗೆ ಇದಕ್ಕಿಂತ ಏನು ಬೇಕು? ಪೀಠಿಕೆ ಹಾಕೋ ಕೆಲಸವೇ ಇಲ್ಲ, ಒಂದು ಕೆಂಪು ಜಾಕೆಟ್ ತೊಟ್ಟು ಮಂಚದಿಂದ ಎದ್ರೆ ಇಡೀ ದೇಶಕ್ಕೆ ಅರ್ಥ ಆಯ್ತು. ಜೊತೆಗೆ ಆಗಿನ ಪಾಪ್‌ಗೆ ಗತ್ತು ವಿಪರೀತ. ಹೊಗೆ, ಗಾಳಿಗೆ ಹಾರೋ ಕೂದಲು, ಸುಮ್ಮಸುಮ್ನೆ ಪಾರಿವಾಳ. ಮಡೋನಾ 'ಲೈಕ್ ಎ ವರ್ಜಿನ್' ವೀಡಿಯೋದಲ್ಲಿ ವೆನಿಸ್‌ನ ದೋಣಿ ಮೇಲೆ ಹಾಡ್ತಾ ಹೋಗ್ತಾಳೆ, ನಡುವೆ ಒಂದು ಸಿಂಹ ಬೇರೆ ಓಡಾಡುತ್ತೆ, ಯಾಕೆ ಅಂತ ಯಾರೂ ಕೇಳಲಿಲ್ಲ. 1985ರಲ್ಲಿ ಯಾಂಕೋವಿಕ್ 'ಲೈಕ್ ಎ ಸರ್ಜನ್' ಮಾಡಿದಾಗ ಆಸ್ಪತ್ರೆ ಒಳಗೆ ಒಂದು ಸಿಂಹ ಬಿಟ್ಟ. ಎಲ್ಲರೂ ನೋಡಿ ಸುಮ್ಮನಿದ್ದ ಒಂದು ವಿಚಿತ್ರವನ್ನ ಅವನೊಬ್ಬ ಬೆರಳಿಟ್ಟು ತೋರಿಸಿದ. ಆ ಹಾಡಿನ ಐಡಿಯಾ ಹುಟ್ಟಿದ್ದು ಎಲ್ಲಿಂದ ಗೊತ್ತಾ ಸರ್? ಮಡೋನಾನೇ ಸ್ನೇಹಿತರ ಹತ್ರ "ಆ ಯಾಂಕೋವಿಕ್ ಯಾವಾಗ ಲೈಕ್ ಎ ಸರ್ಜನ್ ಮಾಡ್ತಾನೋ" ಅಂತ ಮಾತಿಗೆ ಅಂದಿದ್ದಳಂತೆ, ಅದು ಕಿವಿಯಿಂದ ಕಿವಿಗೆ ಹೋಗಿ ಅವನ ಮ್ಯಾನೇಜರ್‌ಗೆ ಮುಟ್ತು.

ನೀವು ಕದಿಯೋ ಮಾತಾಡಿದ್ರಿ. ಈ ಮನುಷ್ಯ ಪ್ರತಿ ಮೂಲ ಕಲಾವಿದರನ್ನೂ ಕೇಳಿ, ಅವರು ಹೂಂ ಅಂದ್ರೆ ಮಾತ್ರ ಹಾಡು ಮಾಡೋನು. ಪ್ರಿನ್ಸ್ ಪ್ರತಿ ಸಲವೂ ಬೇಡ ಅಂದ, ಇವನು ಪ್ರತಿ ಸಲವೂ ಸುಮ್ಮನಾದ. ಅಣಕಕ್ಕೆ ಕಾನೂನಿನ ರಕ್ಷಣೆ ಇರಬಹುದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1994ರಲ್ಲಿ, 2 ಲೈವ್ ಕ್ರೂ ಅನ್ನೋ ರ‍್ಯಾಪ್ ತಂಡದ ಕೇಸಲ್ಲಿ, ಅದಾದ ಮೇಲೂ ಯಾಂಕೋವಿಕ್ ಕೇಳೋದು ಬಿಡಲಿಲ್ಲ. ಜಾಕ್ಸನ್ ಅಂತೂ ತನ್ನ 'ಬ್ಯಾಡ್' ಹಾಡಿನ ಅಣಕ 'ಫ್ಯಾಟ್'ಗೆ ಹೂಂ ಅಂದಿದ್ದಷ್ಟೇ ಅಲ್ಲ, ತನ್ನ 'ಮೂನ್‌ವಾಕರ್' ಸಿನಿಮಾಗೆ ಹಾಕಿಸಿದ್ದ ಸಬ್‌ವೇ ಸೆಟ್‌ನಲ್ಲೇ ಶೂಟ್ ಮಾಡ್ಕೊಳ್ಳೋಕೆ ಬಿಟ್ಟ. ಡೈರ್ ಸ್ಟ್ರೇಟ್ಸ್ ತಂಡದ ಗಿಟಾರಿಸ್ಟ್ ಮಾರ್ಕ್ ನಾಫ್ಲರ್ ತನ್ನ ಹಾಡಿನ ಅಣಕದಲ್ಲಿ ಗಿಟಾರ್ ನಾನೇ ನುಡಿಸ್ತೀನಿ ಅಂತ ಷರತ್ತು ಹಾಕಿ ಬಂದು ನುಡಿಸಿದ. ಕಳ್ಳನಿಗೆ ಮನೆಯವರು ಹಿಂಗೆ ಬಾಗಿಲು ತೆಗೀತಾರಾ?

ಅವನು ಶುರು ಮಾಡಿದ್ದು ಎಲ್ಲಿಂದ ಅಂತ ನೋಡಿದ್ರೆ ಗೌರವ ಇನ್ನೂ ಜಾಸ್ತಿ ಆಗುತ್ತೆ. ಕ್ಯಾಲಿಫೋರ್ನಿಯಾದ ಲಿನ್‌ವುಡ್ ಅನ್ನೋ ಊರು, 1959ರಲ್ಲಿ ಹುಟ್ಟಿದ ಹುಡುಗ. ಏಳು ವರ್ಷ ತುಂಬೋ ಹೊತ್ತಿಗೆ ಸಂಗೀತ ಶಾಲೆಯ ಸೇಲ್ಸ್‌ಮನ್ ಮನೆ ಬಾಗಿಲಿಗೆ ಬಂದು ಗಿಟಾರ್ ಬೇಕಾ, ಎದೆಗೆ ತಗುಲಿಸಿಕೊಂಡು ನುಡಿಸೋ ಹಾರ್ಮೋನಿಯಂ ಥರದ ಅಕಾರ್ಡಿಯನ್ ಬೇಕಾ ಅಂದ. ಅಪ್ಪ ಅಮ್ಮ ಅಕಾರ್ಡಿಯನ್ ಆರಿಸಿದ್ರು, ಫ್ರ್ಯಾಂಕಿ ಯಾಂಕೋವಿಕ್ ಅಂತ ಅಕಾರ್ಡಿಯನ್‌ನಲ್ಲಿ ಪೋಲ್ಕಾ ಕುಣಿತದ ಸಂಗೀತ ನುಡಿಸೋ ದೊಡ್ಡ ಹೆಸರು ಇತ್ತು, ಸಂಬಂಧ ಏನೂ ಇಲ್ಲ, ಮನೆ ಹೆಸರು ಒಂದೇ ಅಂತ! ರಾಕ್ ಬ್ಯಾಂಡ್‌ಗಳ ಕಾಲದಲ್ಲಿ ಅಕಾರ್ಡಿಯನ್ ಹುಡುಗನನ್ನ ಯಾರು ಸೇರಿಸ್ಕೊಳ್ತಾರೆ. 1979ರಲ್ಲಿ ಆರ್ಕಿಟೆಕ್ಚರ್ ಓದ್ತಾ ಇದ್ದಾಗ, ದಿ ನ್ಯಾಕ್ ತಂಡದ 'ಮೈ ಶರೋನಾ'ವನ್ನ 'ಮೈ ಬೊಲೋನಾ' ಅಂತ ಮಾಡಿ, ಕಾಲೇಜ್ ರೇಡಿಯೋ ಸ್ಟೇಷನ್ ಎದುರುಗಡೆಯ ಬಾತ್‌ರೂಮಲ್ಲಿ, ಅಲ್ಲಿ ದನಿ ಚೆನ್ನಾಗಿ ಮೊಳಗುತ್ತೆ ಅಂತ, ರೆಕಾರ್ಡ್ ಮಾಡಿದ. ಅದನ್ನ ಬಿಡುಗಡೆ ಮಾಡಿ ಅಂತ ಕ್ಯಾಪಿಟಲ್ ಕಂಪನಿಗೆ ಶಿಫಾರಸು ಮಾಡಿದ್ದು ಯಾರು? ಆ ಮೂಲ ಹಾಡನ್ನ ಹಾಡಿದ ಡಗ್ ಫೀಗರ್. ಮಾರನೇ ವರ್ಷ ಸೆಪ್ಟೆಂಬರ್ 14ಕ್ಕೆ ತಮಾಷೆ ಹಾಡುಗಳನ್ನೇ ಹಾಕ್ತಿದ್ದ ಡಾಕ್ಟರ್ ಡಿಮೆಂಟೋನ ರೇಡಿಯೋ ಷೋನಲ್ಲಿ ಕ್ವೀನ್ ತಂಡದ ಹಾಡಿನ ಅಣಕ 'ಅನದರ್ ಒನ್ ರೈಡ್ಸ್ ದ ಬಸ್' ನೇರಪ್ರಸಾರದಲ್ಲಿ ಹಾಡಿದ. ಡ್ರಮ್ಸ್ ಇಲ್ಲ, ಅವತ್ತೇ ಪರಿಚಯ ಆದ ಜಾನ್ ಶ್ವಾರ್ಟ್ಸ್ ಅಕಾರ್ಡಿಯನ್ ಪೆಟ್ಟಿಗೆ ಮೇಲೆ ಬಡಿದು ತಾಳ ಕೊಟ್ಟ. ಪಕ್ಕೆಗೆ ತಿವಿಯೋ ಸೂಟ್‌ಕೇಸು, ಕಿವಿಗೆ ತಾಗೋ ಮೊಣಕೈ, ಸೀಟಿಲ್ಲದ ಬಸ್ಸಿಗೆ ಮತ್ತೊಬ್ಬ ಹತ್ತಿದ, ಮತ್ತೊಬ್ಬ ಹತ್ತಿದ. ಸಂತೆ ದಿನದ ಬಸ್ಸಲ್ಲಿ ನಿಂತು ಬಂದವರಿಗೆ ಇದನ್ನ ಬಿಡಿಸಿ ಹೇಳಬೇಕಾ?

ಇನ್ನು ಅಣಕದ ಒಳಗಿರೋ ವಿಮರ್ಶೆ, ಅದನ್ನ ಯಾರೂ ಮಾತಾಡಲ್ಲ. ಜಾರ್ಜ್ ಹ್ಯಾರಿಸನ್‌ನ 'ಗಾಟ್ ಮೈ ಮೈಂಡ್ ಸೆಟ್ ಆನ್ ಯು' ದೊಡ್ಡ ಹಿಟ್ ಆದಾಗ ಯಾಂಕೋವಿಕ್ "ಈ ಹಾಡಲ್ಲಿ ಇರೋದೇ ಆರು ಪದ" ಅಂತ ಅದೇ ರಾಗದಲ್ಲಿ ಹಾಡಿದ. ಇಡೀ ಪುಟದ ವಿಮರ್ಶೆಯಲ್ಲಿ ನಾವು ಹೇಳೋದನ್ನ ಹಾಡಿಗೆ ಹಾಡಲ್ಲೇ ಹೇಳಿದ. 1985ರ 'ಡೇರ್ ಟು ಬಿ ಸ್ಟುಪಿಡ್' ಇನ್ನೂ ಒಂದು ಹೆಜ್ಜೆ ಮುಂದೆ, ಅದು ಯಾವ ಹಾಡಿನ ಅಣಕವೂ ಅಲ್ಲ, ಡೀವೋ ತಂಡದ ಜಾಯಮಾನವನ್ನೇ ಹಿಡಿದು ಅವರು ಬರೆಯದೇ ಬಿಟ್ಟ ಹಾಡು ಬರೆದ ಹಂಗಿದೆ. ಡೀವೋದ ಮಾರ್ಕ್ ಮದರ್ಸ್‌ಬಾ ಅದನ್ನ ಕೇಳಿ ದಂಗಾಗಿ, ಇಷ್ಟು ಸೊಗಸಾದದ್ದು ಕೇಳೇ ಇರಲಿಲ್ಲ, ಅದಕ್ಕೇ ಅವನ ಮೇಲೆ ಕೋಪ ಬಂತು ಅಂತ ಹೇಳಿದಾನೆ. ಬ್ರಿಟನ್ನಿನಲ್ಲಿ 1986ರಲ್ಲಿ 'ಸ್ಪಿಟಿಂಗ್ ಇಮೇಜ್' ಗೊಂಬೆ ಕಾರ್ಯಕ್ರಮದವರು, ರಜೆಗೆ ಹೋದ ಕಡೆಯೆಲ್ಲಾ ಬಡಿಯೋ 'ಅಗಡೂ' ಥರದ ಪೊಳ್ಳು ಡಿಸ್ಕೋ ಹಾಡುಗಳನ್ನ ಅಣಕಿಸಿ 'ದಿ ಚಿಕನ್ ಸಾಂಗ್' ಮಾಡಿದ್ರು, ಅದೇ ಮೂರು ವಾರ ಒಂದನೇ ಸ್ಥಾನದಲ್ಲಿ ಕೂತು ಮಕ್ಕಳ ಬಾಯಲ್ಲೆಲ್ಲಾ ಅದೇ. ಒಳ್ಳೇ ಅಣಕ ಮೂಲದಷ್ಟೇ ಹಾಡಿಸಿಕೊಳ್ಳುತ್ತೆ, ಹಾಡಿಸಿಕೊಳ್ಳದಿದ್ರೆ ಅದು ಬರೀ ಕುಹಕ.

ನನ್ನ ಹಾಸ್ಟೆಲ್ ದಿನದಲ್ಲಿ ಒಬ್ಬ ಸೀನಿಯರ್ ಇದ್ರು, ಮೆಸ್‌ನ ನೀರು ಸಾಂಬಾರ್ ಮೇಲೆ, ವಾರ್ಡನ್ ಮೇಲೆ, ಯಾವ ಸಿನಿಮಾ ಹಾಡು ಬಂದ್ರೂ ಎರಡೇ ದಿನದಲ್ಲಿ ಬೇರೆ ಸಾಹಿತ್ಯ ರೆಡಿ. ನಾವು ಗುಂಪಲ್ಲಿ ಹಾಡೋವಾಗ ಪಲ್ಲವಿ ಆದ ತಕ್ಷಣ ಚರಣಕ್ಕೆ ಹಾರಿದ್ರೆ ಅವರು ಕೈ ಎತ್ತಿ ನಿಲ್ಲಿಸೋರು. "ಕೊಳಲು ಬಿಟ್ರಲ್ರೋ" ಅಂತ ಆ ಮಧ್ಯದ ಬಿಟ್ ಪೂರ್ತಿ ಬಾಯಲ್ಲೇ ನುಡಿಸಿ ಆಮೇಲೆ ಮುಂದಕ್ಕೆ. ಗಂಭೀರವಾಗಿ ಕೇಳ್ತೀವಿ ಅನ್ನೋ ನಮ್ಮಲ್ಲಿ ಒಬ್ಬರಿಗೂ ಆ ಕೊಳಲು ನೆನಪಿರಲಿಲ್ಲ. ಭೂವಿಜ್ಞಾನ ಓದೋಕೆ ಲಂಡನ್‌ಗೆ ಹೋಗಿಬಂದ ಕೈಲಾಸಂ, ಇಂಗ್ಲಿಷ್ ಸೋಲ್ಜರ್‌ಗಳ ಟಿಪ್ಪರೇರಿ ಹಾಡಿನ ಧಾಟಿಗೆ ನಮ್ಮ ತಿಪ್ಪಾರಳ್ಳಿಯನ್ನ ಕೂರಿಸಿದ್ದು ನಿಮಗೆ ಗೊತ್ತೇ ಇದೆ, ಶಾಲೆ ವಾರ್ಷಿಕೋತ್ಸವದಲ್ಲಿ ನೀವೂ ಹಾಡಿರ್ತೀರಿ. ಅದನ್ನ ಕಳ್ಳತನ ಅಂತ ನೀವು ಒಂದು ದಿನವಾದ್ರೂ ಅಂದಿರಲ್ಲ. ಮತ್ತೆ ಯಾಂಕೋವಿಕ್‌ಗೆ ಯಾಕೆ ಬೇರೆ ತಕ್ಕಡಿ?

ಬೇಜಾರು ಇರೋದು ನಿಮ್ಮ ಮೇಲಲ್ಲ ಸರ್. ನಗಿಸೋದು ಅಂದ್ರೆ ಎರಡನೇ ದರ್ಜೆ ಅಂತ ನಮ್ಮ ಇಡೀ ಸಾಂಸ್ಕೃತಿಕ ವಲಯ ತೀರ್ಮಾನ ಮಾಡಿ ಕೂತಿದೆ. ಒಂದು ಬಹುಮಾನ ಸಮಿತಿಯಲ್ಲಿ ನಾನೂ ಇದ್ದೆ, ಬಂದ ಪುಸ್ತಕಗಳಲ್ಲಿ ಭಾಷೆ ಮೇಲೆ ಅತಿ ಹೆಚ್ಚು ಹಿಡಿತ ಇದ್ದದ್ದು ಒಂದು ಹಾಸ್ಯದ ಪುಸ್ತಕಕ್ಕೆ, ಎಲ್ಲರೂ ಓದಿ ನಕ್ಕಿದ್ರು, ಆದ್ರೂ "ಚೆನ್ನಾಗಿದೆ, ಆದ್ರೆ ಹಾಸ್ಯ ಅಲ್ವಾ" ಅಂತ ಪಕ್ಕಕ್ಕಿಟ್ರು. ಆ "ಆದ್ರೆ" ನನಗೆ ಇವತ್ತಿಗೂ ಜೀರ್ಣ ಆಗಿಲ್ಲ. ಅಳಿಸಿದ ಲೇಖಕನಿಗೆ ಶಾಲು, ನಗಿಸಿದವನಿಗೆ ಪುಟದ ಮೂಲೇಲಿ ಒಂದು ಬಾಕ್ಸ್. ಹಾಸ್ಯೋತ್ಸವಗಳಲ್ಲಿ ಕೂಡ ಗಂಡ ಹೆಂಡತಿ ಜೋಕುಗಳಿಗೆ ಕೊಟ್ಟ ಸಮಯದಲ್ಲಿ ಕಾಲು ಭಾಗ ಒಳ್ಳೇ ಅಣಕು ಕವಿತೆಗೆ ಕೊಡಲ್ಲ. ಈಗ ಮೊಬೈಲಲ್ಲಿ ಓಡಾಡೋ ಅಣಕು ಹಾಡುಗಳು ನೋಡಿ, ಮೀಟರ್ ಇಲ್ಲ, ಮೂಲದ ಕಡೆ ಕಿವಿ ಇಲ್ಲ, ಯಾರನ್ನೋ ಬೈಯೋಕೆ ಒಂದು ಟ್ಯೂನ್ ಬೇಕಿತ್ತು ಅಷ್ಟೇ. ಕಸುಬನ್ನ ಗೌರವಿಸದೇ ಹೋದ್ರೆ ಕಸುಬುದಾರರು ಎಲ್ಲಿಂದ ಬರ್ತಾರೆ?

"ಎರಡನೇ ಸಲಕ್ಕೆ ಬೇಜಾರು" ಅನ್ನೋ ಮಾತು ಅವನಿಗೂ ಸುಮಾರು ಸಲ ಹೇಳಿದಾರೆ. 1986ರಲ್ಲಿ 'ಪೋಲ್ಕಾ ಪಾರ್ಟಿ' ಆಲ್ಬಮ್ ಮಕಾಡೆ ಮಲಗಿದಾಗ ಅವನ ಕಥೆ ಮುಗೀತು ಅಂದ್ರು, ಎರಡೇ ವರ್ಷಕ್ಕೆ 'ಈವನ್ ವರ್ಸ್' ಜೊತೆ ಎದ್ದುಬಂದ. 1989ರಲ್ಲಿ ಸಿನಿಮಾ ಸೋತಾಗ ಮತ್ತೆ ಅದೇ ಮಾತು, 1992ರಲ್ಲಿ ನಿರ್ವಾಣ ತಂಡದ ಅಣಕ ಮಾಡಿ ಮತ್ತೆ ಎದ್ದ. 2014ರಲ್ಲಿ 'ಮ್ಯಾಂಡೇಟರಿ ಫನ್' ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯಲ್ಲಿ ನೇರವಾಗಿ ಒಂದನೇ ಸ್ಥಾನಕ್ಕೆ ಬಂತು, ಹಾಸ್ಯದ ಆಲ್ಬಮ್ ಒಂದು ಆ ಜಾಗಕ್ಕೆ ಏರಿ ಐವತ್ತು ವರ್ಷ ಆಗಿತ್ತು, 1963ರ ಅಲನ್ ಶೆರ್ಮನ್ ಆದ ಮೇಲೆ ಇವನೇ. ಅವನು ಅಣಕಿಸಿದ ಎಷ್ಟೋ ತಾರೆಯರ ಹೆಸರು ಆ ಹೊತ್ತಿಗೆ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಒಂದು ಕೆಲಸ ಮಾಡಿ ಸರ್. ಮೊಮ್ಮಗಳು ಇಂಜಿನಿಯರಿಂಗ್ ಓದ್ತಿದಾಳೆ ಅಂತ ಬರೆದಿದೀರಲ್ಲ, ಅವಳ ಹೆಡ್‌ಫೋನ್ ಇಸ್ಕೊಂಡು 'ಬೀಟ್ ಇಟ್' ಒಂದು ಸಲ, ತಕ್ಷಣವೇ 'ಈಟ್ ಇಟ್' ಒಂದು ಸಲ ಕೇಳಿ, ಸಾಹಿತ್ಯ ಬಿಟ್ಟು ಬರೀ ಗಿಟಾರ್ ಮೇಲೆ ಗಮನ ಇಡಿ. ಆಮೇಲೂ ಸಿಟ್ಟು ಇಳೀದಿದ್ರೆ ಇನ್ನೊಂದು ಪತ್ರ ಹಾಕಿ, ಒಂದಕ್ಷರ ಮೊಟಕು ಮಾಡದೆ ಅಚ್ಚು ಹಾಕ್ತೀನಿ. ಮುಂದಿನ ಸಂಚಿಕೆಗೆ 'ದಿ ಚಿಕನ್ ಸಾಂಗ್' ಬಗ್ಗೆ ಮೂರು ಪುಟ ಬರೆಸ್ತಾ ಇದೀವಿ, ಅದನ್ನ ಓದೋವರೆಗಾದ್ರೂ ಚಂದಾ ನಿಲ್ಲಿಸಬೇಡಿ.

— ಸಂ.