ಸೀಟು ಮೈಸೂರಲ್ಲಿ, ಮನೆ ಔರಾದಲ್ಲಿ

ಪ್ರಶ್ನೆ: ನಾನು ಬೀದರ್ ಜಿಲ್ಲೆ ಔರಾದ ತಾಲ್ಲೂಕಿನವಳು. ಸಿಇಟಿ ಮೊದಲ ಸುತ್ತಿನಲ್ಲೇ ಮೈಸೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಕ್ಕಿದೆ. ಅಪ್ಪ 'ಅಷ್ಟು ದೂರ ಬೇಡ, ಮುಂದಿನ ಸುತ್ತಿನಲ್ಲಿ ಕಲಬುರಗಿ ನೋಡೋಣ' ಅಂತಾರೆ. ಅಮ್ಮ ಅಳ್ತಾರೆ. ನನಗೆ ಆಸೆನೂ ಇದೆ, ಭಯಾನೂ ಇದೆ. ಅಲ್ಲಿ ನಮ್ಮ ಕಡೆ ಮಾತು ಕೇಳಿ ನಗ್ತಾರಂತೆ, ಹೌದಾ?
– ಹೆಸರು ಬೇಡ

ಉತ್ತರ: ಹೋಗು ತಂಗಿ. ಬೇಕು ಅಂದ ವಿಷಯವೇ ಸಿಕ್ಕಿದೆ, ಊರು ದೂರ ಅನ್ನೋ ಒಂದೇ ಕಾರಣಕ್ಕೆ ಬಿಡಬೇಡ.

ಮೊದಲು ಸೀಟಿನ ವಿಷಯ. ಚಾಯ್ಸ್ 2, ಅಂದ್ರೆ 'ಈ ಸೀಟು ಇರಲಿ, ಇನ್ನೂ ಮೇಲಿನದು ಸಿಗುತ್ತಾ ನೋಡ್ತೀನಿ' ಅನ್ನೋದನ್ನ ಒತ್ತಿ ಮುಂದಿನ ಸುತ್ತಿಗೆ ಹೋದ್ರೆ, ನಿನ್ನ ಆಪ್ಷನ್ ಪಟ್ಟಿಯಲ್ಲಿ ಮೈಸೂರಿಗಿಂತ ಮೇಲೆ ಬರೆದಿರೋ ಕಾಲೇಜುಗಳು ಮಾತ್ರ ಲೆಕ್ಕಕ್ಕೆ ಬರ್ತವೆ. ಕಲಬುರಗಿ ಕೆಳಗಿದ್ದರೆ ಆ ದಾರಿಯಲ್ಲಿ ಸಿಗಲ್ಲ. ಮೇಲಿದ್ದು ಸಿಕ್ಕಿಬಿಟ್ಟರೆ ಮೈಸೂರಿನ ಸೀಟು ತಾನಾಗಿ ಹೋಗುತ್ತೆ. ಅಪ್ಪನನ್ನ ಪಕ್ಕದಲ್ಲಿ ಕೂರಿಸಿಕೊಂಡು ಆ ಪಟ್ಟಿ ತೋರಿಸು, ಆಮೇಲೆ ಮಾತಾಡಿ.

ಇನ್ನೊಂದು ಮಾತೂ ಅಪ್ಪನಿಗೆ ಹೇಳು. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕದ ಒಳಗೆ ಶೇ 70 ಸೀಟು ನಿಮಗೆ ಮೀಸಲಾಯ್ತು, ಅದು ಎಲ್ಲರಿಗೂ ಗೊತ್ತು. ಆದರೆ ರಾಜ್ಯದ ಬೇರೆ ಕಡೆ ಕಾಲೇಜುಗಳಲ್ಲೂ ನಿಮ್ಮ ಕಡೆ ಮಕ್ಕಳಿಗೆ ಶೇ 8 ಇಟ್ಟಿದ್ದಾರೆ. ನೀವು ದೂರ ಹೋಗಿ ಓದ್ತೀರಿ ಅಂತ ಲೆಕ್ಕ ಹಾಕಿಯೇ ಇಟ್ಟ ಸೀಟುಗಳು ಅವು. ನಿನ್ನದು ಆ ಕೋಟಾದ ಸೀಟೇ ಇರಲಿ, ಬಿಡಲಿ, ಅಲ್ಲಿ ಕೂತು ಓದೋ ಹಕ್ಕು ನಿನಗೆ ಪೂರ್ತಿ ಇದೆ.

ಅಪ್ಪನ ಭಯ ಕಿಲೋಮೀಟರಿನದ್ದಲ್ಲ ಅಂತ ನನಗೆ ಅನ್ಸುತ್ತೆ. ಮಗಳು ಎಲ್ಲಿ ಮಲಗ್ತಾಳೆ, ಮಧ್ಯರಾತ್ರಿ ಜ್ವರ ಬಂದ್ರೆ ಯಾರು ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ, ಇಷ್ಟೇ. ಅದಕ್ಕೆ 'ಏನಾಗಲ್ಲ ಬಿಡಪ್ಪ' ಅಂದ್ರೆ ಸಾಲದು. ಅಡ್ಮಿಷನ್‌ಗೆ ಅವರನ್ನೇ ಕರ್ಕೊಂಡು ಹೋಗು, ಅಮ್ಮನೂ ಬರಲಿ. ಹಾಸ್ಟೆಲ್‌ನ ರೂಮಿಗೆ ಹೋಗಿ ಬಾಗಿಲ ಚಿಲಕ ಹಾಕಿ ನೋಡಿ. ಬಾತ್‌ರೂಮಿನ ನಲ್ಲಿ ತಿರುಗಿಸಿ ನೀರು ಬರುತ್ತಾ ನೋಡಿ. ಮೆಸ್ಸಿನಲ್ಲಿ ಒಂದು ಹೊತ್ತು ಊಟ ಮಾಡಿ. ಜ್ವರದ ಪ್ರಶ್ನೆಯನ್ನ ಅಪ್ಪನೇ ವಾರ್ಡನ್ ಹತ್ರ ಕೇಳಲಿ, ನಂಬರ್ ಅವರ ಫೋನಿನಲ್ಲಿ ಇರಲಿ.

ಊರು ಬಿಡೋ ಮುಂಚೆ ನಾಡಕಚೇರಿಗೆ ಹೋಗಿ ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಸಿಕೋ. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕುವಾಗ ಅದರ ಮೇಲಿನ ಆರ್‌ಡಿ ನಂಬರ್ ಕೇಳ್ತಾರೆ, ಅದೊಂದು ಕಾಗದಕ್ಕೆ ಮೈಸೂರಿಂದ ವಾಪಸ್ ಓಡಿಬರೋದು ಯಾರಿಗೆ ಬೇಕು? ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತಲೂ ನೋಡು. ಖಾತೆ ನಿನ್ನ ಹೆಸರಲ್ಲಿ, ಕಾರ್ಡ್ ನಿನ್ನ ಕೈಯಲ್ಲಿ ಇರಲಿ.

ಓಡಾಟ ಅಷ್ಟೇನೂ ಕಷ್ಟವಿಲ್ಲ. ಕಲಬುರಗಿವರೆಗೆ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡಿಲ್ಲದೆ ಹೋಗಬಹುದು. ಅಲ್ಲಿಂದ ಬಸವ ಎಕ್ಸ್‌ಪ್ರೆಸ್ ರೈಲು ಸೀದಾ ಮೈಸೂರಿಗೆ. ದೀಪಾವಳಿಗೆ ಬರೋದಾದ್ರೆ 60 ದಿನ ಮುಂಚೆ ಬುಕಿಂಗ್ ತೆರೆಯುತ್ತೆ, ಅವತ್ತೇ ಮಾಡಿಬಿಡು.

ಇನ್ನು ಮಾತಿನ ವಿಷಯ. ಮೊದಮೊದಲು ಒಂದಿಬ್ಬರು ನಗಬಹುದು, ಸುಳ್ಳು ಹೇಳಲ್ಲ. ನೀನು ಬಸವಕಲ್ಯಾಣ ಇರೋ ಜಿಲ್ಲೆಯವಳು, ನಿನ್ನ ಕನ್ನಡ ಯಾರಿಗಿಂತಲೂ ಕಡಿಮೆಯದಲ್ಲ. ನಿನ್ನಂಗೇ ಮಾತಾಡು. ಆದರೆ ನಗು ದಾಟಿ ಕಾಟ ಶುರುವಾದ್ರೆ ಸಹಿಸ್ಕೊಂಡು ಕೂರಬೇಡ. ವಾರ್ಡನ್‌ಗೆ ಹೇಳು, 1800-180-5522ಕ್ಕೆ ಫೋನ್ ಮಾಡು. ಅದು ರ‍್ಯಾಗಿಂಗ್ ವಿರುದ್ಧದ ಸಹಾಯವಾಣಿ.

ಮೊದಲ ಎರಡು ತಿಂಗಳು ಅಳು ಬರುತ್ತೆ. ಸಾಂಬಾರು ಸಿಹಿ ಅನ್ಸುತ್ತೆ, ರೊಟ್ಟಿ ನೆನಪಾಗುತ್ತೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಜಾಸ್ತಿನೇ ಕಟ್ಟಿಸ್ಕೊಂಡು ಹೋಗು, ರೂಮಿನವರಿಗೂ ಕೊಡು. ಫೋನಿನಲ್ಲಿ ನೀನು ಅತ್ತಾಗ 'ಹಂಗಾದ್ರೆ ವಾಪಸ್ ಬಾ' ಅನ್ನಬೇಡಿ ಅಂತ ಅಪ್ಪ ಅಮ್ಮನಿಗೆ ಈಗಲೇ ಹೇಳಿಡು. ಅತ್ತ ತಕ್ಷಣ ಸೋತಂಗಲ್ಲ, ಅಲ್ವಾ?

ಪ್ರಶ್ನೆ: ಮಗ ಕೊಳ್ಳೇಗಾಲದಿಂದ ಧಾರವಾಡಕ್ಕೆ ಓದಲು ಹೋಗಿದ್ದಾನೆ. ಫೋನ್ ಮಾಡಿದ್ರೆ ಎರಡೇ ಮಾತು, ಇಟ್ಟುಬಿಡ್ತಾನೆ. ವಾಪಸ್ ಕರೆಸಿಕೊಳ್ಳೋದಾ?
– ಒಬ್ಬ ತಾಯಿ

ಉತ್ತರ: ಬೇಡಮ್ಮ, ಈಗಲೇ ಬೇಡ. ಹೊಸ ಗೆಳೆಯರು ಸಿಕ್ಕಾಗಲೂ ಹುಡುಗರು ಹೀಗೇ ಆಡ್ತಾರೆ. ದಿನಾ 'ಊಟ ಆಯ್ತಾ' ಅಂದ್ರೆ 'ಹ್ಞೂಂ' ಬಿಟ್ಟು ಇನ್ನೇನು ಬರುತ್ತೆ? ನಿಮ್ಮ ಮನೆ ಸುದ್ದಿನೇ ಹೇಳಿ, ಹಸು ಕರು ಹಾಕಿದ್ದು, ಪಕ್ಕದ ಮನೆ ಮದುವೆ, ಎಲ್ಲ. ಸಾಧ್ಯವಾದ್ರೆ ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ, ಮುಖ ನೋಡಿದ್ರೆ ತಾಯಿಗೆ ತಿಳಿಯುತ್ತೆ.

ಆದರೆ ಕ್ಲಾಸಿಗೆ ಹೋಗ್ತಿಲ್ಲ, ರಾತ್ರಿ ನಿದ್ದೆ ಇಲ್ಲ, ಊಟ ಬಿಟ್ಟಿದ್ದಾನೆ, ಯಾರ ಜೊತೆಗೂ ಸೇರ್ತಿಲ್ಲ ಅಂತ ಗೊತ್ತಾದ್ರೆ ತಡ ಮಾಡಬೇಡಿ. 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದ್ರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಧಾರವಾಡದಲ್ಲೇ ಡಿಮ್ಹಾನ್ಸ್ ಅನ್ನೋ ಮಾನಸಿಕ ಆರೋಗ್ಯದ ಆಸ್ಪತ್ರೆಯೂ ಇದೆ. ನೀವೇ ಜೊತೆಗೆ ಕರ್ಕೊಂಡು ಹೋಗಿ, ಬೈಯದೆ.