ಮಾರುತ್ ಮತ್ತೆ ಹಾರಬಹುದೇ?

ಯಲಹಂಕದ ಓದುಗರೊಬ್ಬರು ಕೇಳಿದ್ದಾರೆ: "ಬ್ರಿಟನ್, ಅಮೆರಿಕಗಳಲ್ಲಿ ಖಾಸಗಿಯವರೇ ಹಳೆಯ ಯುದ್ಧವಿಮಾನ ಹಾರಿಸುತ್ತಾರೆ. ನಮ್ಮ ಎಚ್‌ಎಎಲ್‌ನ ಹಳೆಯ ಯುದ್ಧಜೆಟ್ ಮಾರುತ್ ಏರೋ ಇಂಡಿಯಾದಲ್ಲಿ ಯಾಕೆ ಹಾರಬಾರದು? ಅಲ್ಲಿನ ನಿಯಮಗಳೇನು?"

ಸಂಪಾದಕರ ಉತ್ತರ:

ನಮಸ್ಕಾರ. ಬ್ರಿಟನ್ನಿನ ಈಗಿನ ಬಿಗಿ ಶುರುವಾದದ್ದು 2015ರ ಆಗಸ್ಟ್ 22ರಿಂದ. ಅಲ್ಲಿನ ಶೋರಮ್ ಪ್ರದರ್ಶನದಲ್ಲಿ ಹಾಕರ್ ಹಂಟರ್ ಎಂಬ ಹಳೆಯ ಯುದ್ಧಜೆಟ್ ಒಂದು ಲೂಪ್ (ಆಕಾಶದಲ್ಲಿ ಲಂಬವಾಗಿ ಹಾಕುವ ಪೂರ್ಣ ಸುತ್ತು) ಪೂರೈಸಲಾಗದೆ ಪಕ್ಕದ ಹೆದ್ದಾರಿಗೆ ಬಿತ್ತು. ಸತ್ತ 11 ಮಂದಿಯೂ ಪ್ರದರ್ಶನದ ಆವರಣದ ಹೊರಗಿದ್ದವರು.

ತನಿಖಾ ವರದಿಯ ಅಂಕಿಗಳನ್ನು ನಿಧಾನವಾಗಿ ಓದಬೇಕು. ಲೂಪ್ ಶುರುಮಾಡಲು ಕನಿಷ್ಠ 350 ನಾಟ್ (ವಿಮಾನದ ವೇಗದ ಅಳತೆ) ವೇಗ ಬೇಕಿತ್ತು, ಇದ್ದದ್ದು ಸುಮಾರು 310. ವೇಗದ ಕೊರತೆ ಶೇ. 11 ಅಷ್ಟೇ, ಆದರೆ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಇರುವುದರಿಂದ ಅದರಲ್ಲಿ ಶೇ. 20ಕ್ಕೂ ಹೆಚ್ಚು ಖೋತಾ. ಎಂಜಿನ್ ಕೂಡ ಪೂರ್ಣ ಒತ್ತಿನಲ್ಲಿರಲಿಲ್ಲ. ತುತ್ತತುದಿಯಲ್ಲಿ 3,500 ಅಡಿ ಇರಬೇಕಾದ ವಿಮಾನ ಸುಮಾರು 2,700 ಅಡಿಗೇ ಮಗುಚಿಕೊಂಡಿತು. ತುದಿಯಲ್ಲಿ ಇರಲೇಬೇಕಾದ ಆ ಕನಿಷ್ಠ ಎತ್ತರಕ್ಕೆ ಪೈಲಟ್‌ಗಳು 'ಗೇಟ್' ಎನ್ನುತ್ತಾರೆ. ಅದು ಸಿಗಲಿಲ್ಲವೆಂದರೆ ಮೂತಿಯನ್ನು ಕೆಳಗೆ ಎಳೆಯಲೇಬಾರದು. ಅರ್ಧ ಉರುಳು ಹಾಕಿ ನೇರವಾಗಿ ಹೊರಟುಬಿಡಬೇಕು.

ಅದಾದ ಮೇಲೆ ಅಲ್ಲಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಸಿಎಎ, ಹಳೆಯ ಜೆಟ್‌ಗಳು ಭೂಭಾಗದ ಮೇಲೆ ಹಾರುವಾಗ ಬರೀ ನೇರವಾಗಿ ಹಾದುಹೋಗಬೇಕು, ಕಸರತ್ತು ಬೇಡ ಎಂದಿತು. ಅಮೆರಿಕದಲ್ಲಿ ಇವು 'ಎಕ್ಸ್‌ಪೆರಿಮೆಂಟಲ್ ಎಕ್ಸಿಬಿಷನ್' ವರ್ಗದವು. ವೇಗದ ಜೆಟ್ ಪ್ರೇಕ್ಷಕರಿಂದ 1,500 ಅಡಿ ದೂರದ ಗೆರೆಯ ಆಚೆಯೇ ಆಡಬೇಕು.

ಬಿಡಿಭಾಗಗಳ ತಲೆನೋವು ಬೇರೆ. ಪೈಲಟ್‌ನನ್ನು ಹೊರಗೆ ಎಸೆದು ಉಳಿಸುವ ಈಜೆಕ್ಷನ್ ಸೀಟಿನ ಕಾರ್ಟ್ರಿಜ್‌ಗಳಿಗೆ (ಸಿಡಿಮದ್ದಿನ ತುಣುಕುಗಳಿಗೆ) ಔಷಧಿಯಂತೆ ಅವಧಿಯಿದೆ. ಶೋರಮ್ ಹಂಟರ್‌ನಲ್ಲಿ ಅದು ಮೀರಿತ್ತು. ಅವಧಿ ಮೀರಿದ ಕಾರ್ಟ್ರಿಜ್ ಬೇಕಾದಾಗ ಸಿಡಿಯದಿರಬಹುದು. ಸಿಡಿಯದೆ ಉಳಿದದ್ದು, ಬಿದ್ದ ವಿಮಾನದ ಹತ್ತಿರ ಓಡಿ ಬಂದವರಿಗೂ ಅಪಾಯ. ಇಂಧನ ನಿಯಂತ್ರಕದೊಳಗಿನ ರಬ್ಬರ್ ಪೊರೆ ವರ್ಷಗಟ್ಟಲೆ ನಿಂತರೆ ಹಾಳಾಗುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಸರಿಪಡಿಸಿದರೂ ತಯಾರಕರ ಬೆಂಬಲ ಬೇಕೇ ಬೇಕು. ಬ್ರಿಟನ್ನಿನ ಹಳೆಯ ಬಾಂಬರ್ ವಲ್ಕನ್ ಎಕ್ಸ್‌ಎಚ್558 ಹಾರುತ್ತಲೇ ಇತ್ತು. ತಾಂತ್ರಿಕ ಹೊಣೆ ಹೊತ್ತ ಕಂಪನಿಗಳು ಹಿಂದೆ ಸರಿದವು, 2015ರ ಅಕ್ಟೋಬರ್‌ಗೆ ಅದರ ಹಾರಾಟ ಮುಗಿಯಿತು.

ಈಗ ಮಾರುತ್. 1961ರ ಜೂನ್ 17ರಂದು ಇದೇ ಬೆಂಗಳೂರಿನಲ್ಲಿ ಮೊದಲು ಹಾರಿದ್ದು. ವಿನ್ಯಾಸದ ಹೊಣೆಗೆ ಎಚ್‌ಎಎಲ್, ಸೇನಾ ವಿಮಾನಗಳ ಪ್ರಮಾಣೀಕರಣಕ್ಕೆ ಸೆಮಿಲ್ಯಾಕ್, ಎರಡೂ ಇಲ್ಲೇ ಇವೆ. ಎಂಜಿನ್ ಆರ್ಫಿಯಸ್ 703. ತರಬೇತಿ ವಿಮಾನ ಕಿರಣ್ ಮಾರ್ಕ್ 2ರದೂ ಅದೇ ಕುಲದ್ದು, ಆದ್ದರಿಂದ ಆ ವಿದ್ಯೆ ಈ ಊರಿಗೆ ಹೊಸದಲ್ಲ. ಆದರೂ ಹಾರಿಸುವುದು ಬೇಡವೆಂದೇ ನನ್ನ ಅಭಿಪ್ರಾಯ. 2019ರ ಫೆಬ್ರವರಿ 19ರಂದು ಯಲಹಂಕದಲ್ಲಿ ತಾಲೀಮಿನ ವೇಳೆ ವಾಯುಪಡೆಯ ಕಸರತ್ತಿನ ತಂಡ ಸೂರ್ಯಕಿರಣದ ಎರಡು ಹಾಕ್ ಜೆಟ್‌ಗಳು ಡಿಕ್ಕಿಯಾಗಿ ಒಬ್ಬ ಪೈಲಟ್ ತೀರಿಕೊಂಡರು. ಅವು ಸೇವೆಯಲ್ಲಿದ್ದ, ದಿನವೂ ಹಾರುತ್ತಿದ್ದ ವಿಮಾನಗಳು. ದಶಕಗಳ ಕಾಲ ನಿಂತಿದ್ದ ಜೆಟ್ ನಿಮ್ಮ ಮನೆಗಳ ಮೇಲೆ ಹಾರುವುದು ಬೇಡ.

ಓಡುದಾರಿಯ ಮೇಲೆ ಅದನ್ನು ಓಡಿಸಬಹುದು, ಅದಕ್ಕಾಗಿ ಒತ್ತಾಯಿಸೋಣ. ಕಾರ್ಟ್ರಿಜ್ ತೆಗೆದಿಡಬೇಕು, ಹೊಸ ಟೈರ್ ಹಾಕಬೇಕು, ದಾರಿಯ ಕಲ್ಲುಹರಳು ಗುಡಿಸಬೇಕು, ಅಗ್ನಿಶಾಮಕ ವಾಹನ ಪಕ್ಕದಲ್ಲಿರಬೇಕು. ಥ್ರಾಟಲ್ (ಎಂಜಿನ್ನಿನ ಒತ್ತು ಏರಿಸಿಳಿಸುವ ಹಿಡಿ) ಇಳಿಸುವ ವೇಗವನ್ನು, ಅದನ್ನು ಇಳಿಸುವವರು ಯಾರೆಂಬುದನ್ನು ಮೊದಲೇ ಬರೆದಿಡಬೇಕು. 2009ರಲ್ಲಿ ಬ್ರಿಟನ್ನಿನ ಬ್ರಂಟಿಂಗ್‌ಥಾರ್ಪ್‌ನಲ್ಲಿ ಹೀಗೆ ಓಡುತ್ತಿದ್ದ ವಿಕ್ಟರ್ ಬಾಂಬರ್, ಥ್ರಾಟಲ್ ಸಮಯಕ್ಕೆ ಇಳಿಯದೆ ಗಾಳಿಗೇರಿಬಿಟ್ಟಿತ್ತು.