ಎದುರುಮನೆಯ ಕಿಟಕಿ: ನಗೆಯೋ, ವಿಷಾದವೋ?

ಪ್ರಶ್ನೆ: ಎತ್ತೋರೆ ಸ್ಕೋಲಾ ನಿರ್ದೇಶನದ ಇಟಲಿಯ ಚಿತ್ರ ‘ಉನಾ ಜೊರ್ನಾತಾ ಪರ್ತಿಕೊಲಾರೆ’ಯನ್ನು (ಒಂದು ವಿಶೇಷ ದಿನ) ಇತ್ತೀಚೆಗೆ ನೋಡಿದೆ. ಒಂದೇ ಕಟ್ಟಡದಲ್ಲಿದ್ದೂ ಪರಿಚಯವಿಲ್ಲದ ಇಬ್ಬರ ಕಥೆ ಮನಸ್ಸನ್ನು ಭಾರವಾಗಿಸಿತು. ಇದನ್ನು ಇಟಲಿಯ ಹಾಸ್ಯಚಿತ್ರಗಳ ಪರಂಪರೆಯಲ್ಲಿ ಸೇರಿಸುವುದು ಸರಿಯೇ? ರೇಡಿಯೊ ಅಷ್ಟು ಹೊತ್ತು ಕೇಳಿಸುವುದೇಕೆ? ಆ ಕಟ್ಟಡ ನಿಜವಾದದ್ದೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಸೇರಿಸುವುದು ಸರಿ ಎಂದೇ ನನ್ನ ಅಭಿಪ್ರಾಯ. ಎರಡನೆಯ ಮಹಾಯುದ್ಧದ ನಂತರ ಇಟಲಿಯಲ್ಲಿ ಬೆಳೆದ ‘ಕೊಮ್ಮೇದಿಯಾ ಆಲ್ಲಿತಾಲಿಯಾನಾ’ ಎಂಬ ಹಾಸ್ಯಚಿತ್ರಗಳ ಧಾರೆಯಲ್ಲಿ ಸಾವು, ಬಡತನ, ಅವಮಾನಗಳು ಹೊರಗಿನ ವಿಷಯಗಳಾಗಿರಲಿಲ್ಲ. ಸ್ಕೋಲಾ ಪಳಗಿದ್ದು ಅಲ್ಲಿಯೇ. ದೀನೊ ರೀಸಿ ನಿರ್ದೇಶಿಸಿದ 1962ರ ‘ಇಲ್ ಸೊರ್ಪಾಸ್ಸೊ’ದ ಚಿತ್ರಕಥೆಯಲ್ಲಿ ಅವರ ಕೈಯಿತ್ತು, ಇಡೀ ಚಿತ್ರ ನಗಿಸುತ್ತಲೇ ಸಾಗಿ ಕೊನೆಗೆ ಅಪಘಾತದ ಸಾವಿನಲ್ಲಿ ನಿಲ್ಲುತ್ತದೆ. 1977ರ ಈ ಚಿತ್ರ ಅದೇ ಪಾಠವನ್ನು ತಿರುವುಮುರುವಾಗಿಸಿದೆ: ಇಲ್ಲಿ ಭಯವೇ ನೆಲ, ನಗೆ ಅದರ ಮೇಲೆ ಅಲ್ಲಲ್ಲಿ ಮೊಳೆಯುತ್ತದೆ.

1938ರ ಮೇ ತಿಂಗಳಲ್ಲಿ ಹಿಟ್ಲರ್ ರೋಮ್‌ಗೆ ಬಂದಿದ್ದಾಗ, ಅವನನ್ನೂ ಮುಸೊಲಿನಿಯನ್ನೂ ಕಾಣಲು ಕಟ್ಟಡದ ಜನರೆಲ್ಲ ಮೆರವಣಿಗೆಗೆ ಹೊರಟುಹೋಗುತ್ತಾರೆ. ಉಳಿಯುವವರು ಆರು ಮಕ್ಕಳ ತಾಯಿ ಆಂತೊನಿಯೆತ್ತಾ, ಎದುರುಮನೆಯ ಗಾಬ್ರಿಯೆಲೆ ಮತ್ತು ಕಟ್ಟಡ ಕಾಯುವ ಹೆಂಗಸು. ಪಂಜರದಿಂದ ತಪ್ಪಿಸಿಕೊಂಡ ಮೈನಾ ಹಕ್ಕಿ ಎದುರಿನ ಕಿಟಕಿಯ ಬಳಿ ಕೂರದಿದ್ದರೆ ಅವರಿಬ್ಬರೂ ಎಂದೂ ಮಾತಾಡುತ್ತಿರಲಿಲ್ಲವೇನೋ. ಅವಳು ಬಾಗಿಲು ಬಡಿದ ಹೊತ್ತಿಗೆ ಅವನು ಆತ್ಮಹತ್ಯೆಯ ಅಂಚಿನಲ್ಲಿರುತ್ತಾನೆ. ಹಕ್ಕಿ ಹಿಡಿಯುವ ತಮಾಷೆಯ ಪ್ರಸಂಗವೊಂದು ಒಬ್ಬ ಮನುಷ್ಯನನ್ನು ಬದುಕಿಸುತ್ತದೆ, ಆದರೆ ಆ ಹೊತ್ತಿಗೆ ಅದು ಅವಳಿಗೆ ಗೊತ್ತಿರುವುದಿಲ್ಲ. ಮುಂದೆ ಅವಳ ಮನೆಗೆ ಕಾಫಿಗೆಂದು ಬಂದ ಗಾಬ್ರಿಯೆಲೆ ಮಕ್ಕಳ ಪುಟ್ಟ ತಳ್ಳು-ಸ್ಕೂಟರ್ ಹತ್ತಿ ಮನೆಯೊಳಗೇ ಸುತ್ತುತ್ತಾನೆ. ವಯಸ್ಸಾದ ಗಂಡಸಿನ ಆ ಹುಡುಗಾಟ ನೋಡಿ ನಾವು ಸಡಿಲಗೊಳ್ಳುವಷ್ಟರಲ್ಲಿ ಕಾವಲಿನ ಹೆಂಗಸು ಬಂದು, ಅವನು ಸರ್ಕಾರದ ವಿರೋಧಿಯೆಂದು ಆಂತೊನಿಯೆತ್ತಾಳ ಕಿವಿಯೂದುತ್ತಾಳೆ. ನೆರೆಹೊರೆ ಎಂದರೆ ಆಸರೆ ಮಾತ್ರವಲ್ಲ, ಕಣ್ಗಾವಲೂ ಹೌದು ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸಿದ ಚಿತ್ರಗಳು ವಿರಳ.

ತಾರೆಯರ ಆಯ್ಕೆಯಲ್ಲೂ ಇದೇ ಜಾಣ್ಮೆಯಿದೆ. ವಿತ್ತೋರಿಯೊ ದೆ ಸೀಕಾ ಅವರ 1963 ಮತ್ತು 1964ರ ಹಾಸ್ಯಚಿತ್ರಗಳಲ್ಲಿ ಸೋಫಿಯಾ ಲೊರೆನ್ ಚೆಲುವಿನ ಪ್ರತಿಮೆಯಾಗಿ, ಮಾರ್ಚೆಲ್ಲೊ ಮಾಸ್ತ್ರೊಯಾನಿ ಅವರ ಪ್ರಣಯಿಯಾಗಿ ಮೆರೆದಿದ್ದರು. ಅದನ್ನು ಬಲ್ಲ ಪ್ರೇಕ್ಷಕರ ಮುಂದೆ ಸ್ಕೋಲಾ ಲೊರೆನ್‌ರನ್ನು ಹರಿದ ಕಾಲುಚೀಲದ, ದಣಿದ ಗೃಹಿಣಿಯಾಗಿಯೂ, ಮಾಸ್ತ್ರೊಯಾನಿಯವರನ್ನು ಸಲಿಂಗಪ್ರೇಮಿಯೆಂಬ ಕಾರಣಕ್ಕೆ ಬಾನುಲಿಯ ಕೆಲಸ ಕಳೆದುಕೊಂಡು ಸಾರ್ಡೀನಿಯಾ ದ್ವೀಪಕ್ಕೆ ಗಡೀಪಾರಾಗಲಿರುವ ಉದ್ಘೋಷಕನಾಗಿಯೂ ನಿಲ್ಲಿಸಿದರು. ಮಾಸ್ತ್ರೊಯಾನಿ ಈ ಪಾತ್ರಕ್ಕಾಗಿ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ನನಗಂತೂ ಲೊರೆನ್ ಅಭಿನಯ ಅದಕ್ಕಿಂತ ಒಂದು ತೂಕ ಹೆಚ್ಚೆನಿಸುತ್ತದೆ.

ರೇಡಿಯೊ ಕಾವಲಿನ ಹೆಂಗಸಿನದು. ಮೆರವಣಿಗೆಯ ವೀಕ್ಷಕ ವಿವರಣೆ, ಸೇನಾಗೀತೆ, ಜಯಘೋಷಗಳು ಅಂಗಳದಿಂದ ಮೇಲೇರಿ ಅಡುಗೆಮನೆಗೂ ನುಗ್ಗುತ್ತವೆ. ಸರ್ವಾಧಿಕಾರಿಗಳನ್ನು ನಾವು ಆರಂಭದ ಹಳೆಯ ಸುದ್ದಿಚಿತ್ರದ ತುಣುಕುಗಳಲ್ಲಿ ಮಾತ್ರ ಕಾಣುತ್ತೇವೆ; ಆಮೇಲೆ ಅವರ ಇರವು ಆ ಸದ್ದಿನಲ್ಲಷ್ಟೇ. ಅದೇ ಧ್ವನಿಯ ಲೋಕದಿಂದ ಹೊರದಬ್ಬಿಸಿಕೊಂಡವನು ಗಾಬ್ರಿಯೆಲೆ ಎಂಬುದನ್ನು ನೆನಪಿಟ್ಟು ಮತ್ತೊಮ್ಮೆ ನೋಡಿ. ಅವನ ಮುಖದ ಒಂದೊಂದು ಗೆರೆಯೂ ಬೇರೆಯಾಗಿ ಕಾಣುತ್ತದೆ.

ಕಟ್ಟಡ ನಿಜವಾದದ್ದೇ. ವಾಸ್ತುಶಿಲ್ಪಿ ಮಾರಿಯೊ ದೆ ರೆನ್ಸಿ ವಿನ್ಯಾಸಗೊಳಿಸಿ, 1930ರ ದಶಕದಲ್ಲಿ ರೋಮ್‌ನ ವಿಯಾಲೆ ವೆಂತುನೊ ಅಪ್ರೀಲೆ ರಸ್ತೆಯಲ್ಲಿ ಕಟ್ಟಲಾದ ನೂರಾರು ಮನೆಗಳ ‘ಪಲಾತ್ಸೊ ಫೆದೆರೀಚಿ’ ಅದು. ಮನೆಗಳು ಅಂಗಳದ ಸುತ್ತ ನಿಂತಿರುವುದರಿಂದಲೇ ಒಬ್ಬರ ಕಿಟಕಿ ಇನ್ನೊಬ್ಬರಿಗೆ ಕಾಣುತ್ತದೆ, ಕ್ಯಾಮೆರಾ ಅಂಗಳದಿಂದ ಕಿಟಕಿಗಳನ್ನು ಸವರುತ್ತ ಆಂತೊನಿಯೆತ್ತಾಳ ಅಡುಗೆಮನೆಗೆ ಇಳಿಯುವ ಆರಂಭದ ದೀರ್ಘ ದೃಶ್ಯವೂ ಸಾಧ್ಯವಾಗಿದೆ. ಅಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ.